ಕಡಲ ಮರಳಿನಲ್ಲಿ ಸಿಕ್ಕಿದ ಕಾಸು

"ಸರ್, ಮೆಟಲ್ ಡಿಟೆಕ್ಟರ್ ತಗೊಂಡು ಕುಂಬಳೆ ಕಡಪ್ಪುರದಲ್ಲಿ ಹುಡುಕಿದ್ರೆ ಹಳೇ ನಾಣ್ಯ ಸಿಗಬಹುದಾ?" ಈ ಪ್ರಶ್ನೆ ಈಗೀಗ ಯಾವುದಾದರೂ ಒಂದು ತರಗತಿಯಿಂದ ಬಂದೇ ಬರುತ್ತದೆ. ಮೊಬೈಲಿನಲ್ಲಿ ನೀವು ನೋಡಿದ್ದೀರಿ: ಯಾರೋ ಒಬ್ಬ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮರಳಿನ ಮೇಲೆ ತಟ್ಟೆಯಂಥದ್ದನ್ನು ಆಚೀಚೆ ಆಡಿಸುತ್ತಾನೆ, ಅದು "ಕುಂಯ್" ಅನ್ನುತ್ತದೆ, ಸಣ್ಣ ಗುದ್ದಲಿಯಿಂದ ಕೆದಕಿದರೆ ಹೊಳೆಯುವ ನಾಣ್ಯ. ಮನೆಯಲ್ಲಿ ಕೂತು ನೋಡುವಾಗ ಯಾರಿಗಾದರೂ ಆಸೆ ಆಗ್ತದೆ, ಅದರಲ್ಲಿ ತಪ್ಪೇನಿಲ್ಲ.

ನನ್ನ ಉತ್ತರ ಇಷ್ಟು. ಸಿಗಬಹುದು. ಆದರೆ ಹಾಗೆ ಅಗೆಯಲಿಕ್ಕೆ ಹೋಗಬೇಡಿ. ಯಂತ್ರ ಕೆಟ್ಟದು ಎಂದಲ್ಲ. ಅಂಥದ್ದೊಂದನ್ನು ನಮ್ಮ ಪ್ರತಿಯೊಂದು ಶಾಲೆಯ ಪ್ರಯೋಗಾಲಯದಲ್ಲೂ ಮಕ್ಕಳೇ ಕಟ್ಟಬೇಕು ಎಂದು ಹೇಳುವವರಲ್ಲಿ ನಾನೂ ಒಬ್ಬ. ಬೇಡ ಅನ್ನುವುದು ಯಾಕೆ, ಬೇಕು ಅನ್ನುವುದು ಯಾಕೆ, ಎರಡನ್ನೂ ಹೇಳುತ್ತೇನೆ.

ಮೊದಲು ಯಂತ್ರದ ವಿಷಯ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನೆನಪು ಮಾಡಿಕೊಳ್ಳಿ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದು, ಬದಲಾಗುತ್ತಿರುವ ಕಾಂತಕ್ಷೇತ್ರ ತನ್ನೊಳಗಿರುವ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು. ಡಿಟೆಕ್ಟರಿನ ತಟ್ಟೆಯೊಳಗೆ ಇರುವುದು ತಾಮ್ರದ ತಂತಿಯ ಸುರುಳಿ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಕೆಳಗೆ ಮರಳಿನಲ್ಲಿ ಒಂದು ಕಾಸು ಇದ್ದರೆ ಅದರ ಮೈಯಲ್ಲಿ ಸಣ್ಣ ಸಣ್ಣ ಸುಳಿ ಪ್ರವಾಹಗಳು ಏಳುತ್ತವೆ. ಆ ಸುಳಿಗಳಿಗೂ ಒಂದು ಕಾಂತಕ್ಷೇತ್ರ ಉಂಟಲ್ಲ? ಅದನ್ನು ಮೇಲಿನ ಇನ್ನೊಂದು ಸುರುಳಿ ಕೇಳಿಸಿಕೊಳ್ಳುತ್ತದೆ. ನಮ್ಮ ಕಿವಿಗೆ ಬರುವ "ಕುಂಯ್" ಅದೇ. ಅಂದರೆ ಯಂತ್ರ ಹುಡುಕುವುದು ಹಳೆಯ ನಾಣ್ಯವನ್ನಲ್ಲ, ನಿಧಿಯನ್ನೂ ಅಲ್ಲ. ವಿದ್ಯುತ್ ಹರಿಯಬಲ್ಲ ವಸ್ತುವನ್ನು. ಈ ಒಂದು ವಾಕ್ಯವನ್ನು ಹಿಡಿದುಕೊಂಡರೆ ಮುಂದಿನದ್ದೆಲ್ಲ ಸುಲಭ.

ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ತ್ವದ ಉಪಕರಣ ಹಿಡಿದು 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ದೇಹದೊಳಗಿನ ಗುಂಡನ್ನು ಹುಡುಕಿದ್ದರು. ಸಿಗಲಿಲ್ಲ. ರೋಗಿ ಮಲಗಿದ್ದ ಹಾಸಿಗೆಯಲ್ಲಿ ಲೋಹದ ಸ್ಪ್ರಿಂಗುಗಳಿದ್ದವು, ವೈದ್ಯರು ದೇಹದ ಬಲಗಡೆ ಮಾತ್ರ ನೋಡಲು ಬಿಟ್ಟಿದ್ದರು. ಯಂತ್ರ ಸರಿಯಿದ್ದರೂ ಸುತ್ತಲಿನ ಲೋಹ ಅದನ್ನು ಹೇಗೆ ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ಇಲ್ಲ. ಅಧ್ಯಕ್ಷರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಅಧಿಕಾರಿ ಯೂಸೆಫ್ ಕೊಸಾಟ್ಸ್ಕಿ ಒಬ್ಬರೇ ಹೊತ್ತು ನಡೆಯಬಹುದಾದ ಡಿಟೆಕ್ಟರ್ ರೂಪಿಸಿದರು. 1942ರಲ್ಲಿ ಎಲ್ ಅಲಮೈನ್ ಮರುಭೂಮಿಯಲ್ಲಿ ಹೂತಿಟ್ಟ ಸಿಡಿಗುಂಡು ತೆಗೆಯಲು ಅದು ಬಳಕೆಯಾಯಿತು. ನಾಣ್ಯದ ಹುಚ್ಚು ಹಿಡಿದದ್ದು ಆಮೇಲೆ.

ಈಗ ನಮ್ಮ ಕಡಲಿಗೆ ಬನ್ನಿ. ಆಳಕ್ಕೆ ಹೋದಂತೆ ಯಂತ್ರದ ಕಿವಿ ಮಂದವಾಗುವ ವೇಗ ನೋಡಿದರೆ ಆಶ್ಚರ್ಯವಾದೀತು. ಸುರುಳಿಯ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಕಾಸಿನಿಂದ ಹಿಂದಿರುಗುವ ಕ್ಷೇತ್ರವೂ ಹಾಗೆಯೇ. ಎರಡೂ ಸೇರಿದರೆ, ಸುರುಳಿಯ ಅಗಲಕ್ಕಿಂತ ಸಾಕಷ್ಟು ದೂರದಲ್ಲಿ, ದೂರ ಎರಡು ಪಟ್ಟಾದರೆ ಸಂಕೇತ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಸಾಧಾರಣ ಯಂತ್ರಕ್ಕೆ ಒಂದು ಕಾಸು ಗೇಣುದ್ದಕ್ಕಿಂತ ಆಳದಲ್ಲಿದ್ದರೆ ಕೇಳಿಸುವುದು ಕಷ್ಟ. ಅದರ ಮೇಲೆ ಉಪ್ಪುನೀರು. ಸಮುದ್ರದ ನೀರು ತಾನೇ ಒಂದು ವಾಹಕ, ಒದ್ದೆ ಮರಳಿಡೀ ಒಂದು ದೊಡ್ಡ ಮಂಕು ಲೋಹದ ಹಾಳೆಯಂತೆ ಯಂತ್ರಕ್ಕೆ ತೋರುತ್ತದೆ. ಅದರ ಮೇಲೆ ನಮ್ಮ ಮುರಕಲ್ಲು. 1800ರ ದಶಕದ ಆರಂಭದಲ್ಲಿ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರದಲ್ಲಿ ನೋಡಿ "ಲ್ಯಾಟರೈಟ್" ಎಂದು ಹೆಸರಿಟ್ಟದ್ದು ಇದೇ ಕಲ್ಲಿಗೆ. ನಮ್ಮ ಮನೆ, ಬಾವಿ, ಆವರಣ ಗೋಡೆ ಎಲ್ಲ ಇದರದ್ದೇ. ಇದರ ಕೆಂಪು ಬಣ್ಣ ಕಬ್ಬಿಣದ್ದು. ಮುರ ಮಣ್ಣು ಬೆರೆತ ಕಡೆ ಅಗ್ಗದ ಯಂತ್ರ ಹಿಡಿದರೆ ನೆಲವೇ ಕುಂಯ್‌ಗುಡುತ್ತದೆ.

ಇಷ್ಟೆಲ್ಲ ದಾಟಿ ಕೇಳುವ ಸದ್ದು ಹೆಚ್ಚಾಗಿ ಯಾವುದರದ್ದು ಗೊತ್ತುಂಟಾ? ಸೋಡಾ ಬಾಟಲಿಯ ಮುಚ್ಚಳ, ಬಲೆಗೆ ಕಟ್ಟುವ ಸೀಸದ ಗುಂಡು, ದೋಣಿಯ ಮೊಳೆ, ಗುಟ್ಕಾ ಚೀಟಿಯ ಒಳಗಿನ ಬೆಳ್ಳಿ ಬಣ್ಣದ ಹಾಳೆ. ತೆಳು ಅಲ್ಯುಮಿನಿಯಂ ಹಾಳೆ ಕೊಡುವ ಸಂಕೇತಕ್ಕೂ ಸಣ್ಣ ಚಿನ್ನದ ಹಣ ಕೊಡುವ ಸಂಕೇತಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ವಿಡಿಯೊದವರು ಈ ಮುಚ್ಚಳಗಳನ್ನು ನಿಮಗೆ ತೋರಿಸುವುದಿಲ್ಲ, ಅಷ್ಟೇ.

ಆದರೂ ಸಿಗಬಹುದು ಎಂದೆ. ಯಾಕೆಂದರೆ ಕಡಲಿಗೆ ಅದರದ್ದೇ ಆದ ಒಂದು ಜರಡಿ ಉಂಟು. ಮರಳು ಎಂದರೆ ಹೆಚ್ಚಿನ ಪಾಲು ಬೆಣಚು ಕಲ್ಲಿನ ಹುಡಿ, ಸಾಂದ್ರತೆ ಸುಮಾರು 2.65. ತಾಮ್ರ 8.9, ಬೆಳ್ಳಿ 10.5, ಚಿನ್ನ 19.3. ಮಳೆಗಾಲದ ದೊಡ್ಡ ತೆರೆಗಳು ದಡದ ಮರಳನ್ನು ಎಳೆದುಕೊಂಡು ಹೋಗುವಾಗ ಹಗುರವಾದದ್ದು ಮೊದಲು ಹೋಗುತ್ತದೆ, ಭಾರದ್ದು ಕಪ್ಪು ಮರಳಿನ ಗೆರೆಗಳ ಜೊತೆ ಹಿಂದೆ ಉಳಿಯುತ್ತದೆ. ಮಳೆ ಮುಗಿದ ಮೇಲೆ ಕಡಲು ಶಾಂತವಾಗಿ ಮರಳನ್ನು ತಂದು ಮತ್ತೆ ಹೊದಿಸುತ್ತದೆ. ಹಳೆಯ ಬಂದರಿನ ದಡದಲ್ಲಿ ಏನಾದರೂ ಮೇಲೆ ಬಂದರೆ ಅದು ಬರುವುದು ಜೂನ್‌ನಿಂದ ಆಗಸ್ಟಿನ ಒಳಗೆ, ಯಾವ ಯಂತ್ರವೂ ಇಲ್ಲದೆ ಕಣ್ಣಿಗೇ ಬೀಳುವ ಹಾಗೆ. (ಆ ದಿನಗಳಲ್ಲಿ ತೆರೆಯ ಹತ್ತಿರ ಹೋಗುವ ಬುದ್ಧಿವಂತಿಕೆ ಯಾರೂ ಮಾಡಬಾರದು. ಅದನ್ನು ಮೀನುಗಾರರ ಮನೆಯ ಮಕ್ಕಳಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿದ್ದು.)

ಮತ್ತೆ ಕುಂಬಳೆ ಸುಮ್ಮನೆ ಒಂದು ದಡ ಅಲ್ಲ. ಈಗ ಅಲ್ಲಿ ಮೀನು ದೋಣಿಗಳು ಬಿಟ್ಟರೆ ಹಡಗು ಯಾವುದೂ ಬರುವುದಿಲ್ಲ. ಸುಮಾರು 1514ರಲ್ಲಿ ಪೋರ್ಚುಗೀಸರ ದುವಾರ್ತೆ ಬಾರ್ಬೋಸ ಈ ಕಡೆ ಬಂದಾಗ ಇಲ್ಲಿಂದ ಅಷ್ಟೇನೂ ಒಳ್ಳೆಯದಲ್ಲದ ಕಪ್ಪು ಅಕ್ಕಿ ಮಾಲ್ಡೀವ್ಸ್ ದ್ವೀಪಗಳಿಗೆ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಎಂದು ಬರೆದಿಟ್ಟಿದ್ದಾರೆ. ಈ ದ್ವೀಪಗಳ ಇನ್ನೊಂದು ದೊಡ್ಡ ಸರಕು ಕವಡೆ. ಬಂಗಾಳದಲ್ಲಿ ಶತಮಾನಗಟ್ಟಲೆ ಅದೇ ಚಿಲ್ಲರೆ ಹಣವಾಗಿ ಓಡಿತ್ತು. "ಕವಡೆ ಕಾಸಿನ ಬೆಲೆ ಇಲ್ಲ" ಎಂದು ನಾವು ಈಗಲೂ ಬೈಯುತ್ತೇವಲ್ಲ, ಒಂದು ಕಾಲದಲ್ಲಿ ಕವಡೆಗೆ ಬೆಲೆ ಇತ್ತು ಎನ್ನುವುದಕ್ಕೆ ಆ ಬೈಗಳೇ ಸಾಕ್ಷಿ.

ಈಗ ಯೋಚನೆ ಮಾಡಿ. ಕುಂಬಳೆಯ ಮರಳಿನಲ್ಲಿ ಹಳೆಯ ಕಾಲದ ಒಂದು ಹಿಡಿ ಕವಡೆ, ಒಂದು ಒಡೆದ ಪಿಂಗಾಣಿ ಬಟ್ಟಲು, ಅದರ ಪಕ್ಕದಲ್ಲಿ ಒಂದು ತಾಮ್ರದ ಕಾಸು ಇದೆ ಎಂದಿಟ್ಟುಕೊಳ್ಳಿ. ಡಿಟೆಕ್ಟರ್ ಹಿಡಿದವನಿಗೆ ಕೇಳುವುದು ಕಾಸು ಮಾತ್ರ. ಅವನು ಅಗೆದು ಕಾಸನ್ನು ಜೇಬಿಗೆ ಹಾಕುತ್ತಾನೆ, ಕವಡೆಯನ್ನೂ ಬಟ್ಟಲಿನ ಚೂರನ್ನೂ ಗುದ್ದಲಿಯಿಂದ ಆಚೆ ಎಸೆಯುತ್ತಾನೆ. ಅಕ್ಕಿ ಹೊತ್ತ ಹಡಗು, ದ್ವೀಪದ ಹಣ, ದೂರದ ಪಾತ್ರೆ, ಇವೆಲ್ಲ ಒಂದೇ ಕಾಲದಲ್ಲಿ ಒಂದೇ ದಡದಲ್ಲಿ ಇದ್ದವು ಎಂಬ ಸಂಗತಿ ಆ ಹೊತ್ತಿಗೆ ಮುಗಿಯಿತು. ಮತ್ತೆ ಅದನ್ನು ಯಾರೂ ಜೋಡಿಸಲಾರರು. ನನ್ನ ಮುಖ್ಯ ತಕರಾರು ಇದೇ.

ನಾಣ್ಯಕ್ಕಿಂತ ಅದು ಬಿದ್ದ ಜಾಗಕ್ಕೆ ಬೆಲೆ ಹೆಚ್ಚು ಎನ್ನುವುದು ಮೇಷ್ಟ್ರುಗಳ ಉಪದೇಶವಲ್ಲ, ಅದರಿಂದ ಆದ ಕೆಲಸ ಕಣ್ಣೆದುರು ಉಂಟು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಪದರ ಪದರವಾಗಿ ಅಗೆಸಿದರು. ಅಲ್ಲಿ ರೋಮ್ ಚಕ್ರವರ್ತಿ ಟಿಬೇರಿಯಸನ ಬೆಳ್ಳಿ ನಾಣ್ಯವೂ ಸಾತವಾಹನರ ನಾಣ್ಯಗಳೂ ಆ ಕಾಲದ ಮಡಕೆ ಚೂರುಗಳೂ ಸಿಕ್ಕಿದವು. ರೋಮಿನ ರಾಜರ ಇಸವಿ ನಮಗೆ ಗೊತ್ತು. ಆ ಒಂದು ಇಸವಿಯ ಕೊಕ್ಕೆಗೆ ಜೊತೆಯಲ್ಲಿದ್ದ ಮಡಕೆಗಳ ಕಾಲವನ್ನು ತಗಲಿಸಬಹುದು, ಮತ್ತೆ ಅದೇ ಬಗೆಯ ಮಡಕೆ ಬೇರೆ ಊರಿನಲ್ಲಿ ಸಿಕ್ಕಿದರೆ ಆ ಊರಿನ ಕಾಲವನ್ನೂ. ಅದೇ ನಾಣ್ಯವನ್ನು ಯಾರಾದರೂ ಮೊದಲೇ ಕಿತ್ತು ಮಾರಿದ್ದರೆ? ಅದೊಂದು ರೋಮನ್ ನಾಣ್ಯ, ತೂಕ ಇಷ್ಟು ಗ್ರಾಂ, ಬೆಲೆ ಇಷ್ಟು. ಅಲ್ಲಿಗೆ ಕತೆ ಖಲಾಸ್.

ನಿಮ್ಮಲ್ಲಿ ಚುರುಕಾದವರು ಇಲ್ಲಿ ಒಂದು ಪಟ್ಟು ಹಾಕಬಹುದು. "ಸರ್, ಚಂದ್ರವಳ್ಳಿ ಸರಿ. ಕಡಲ ದಡದಲ್ಲಿ ಪದರ ಎಲ್ಲುಂಟು? ತೆರೆಯೇ ಎಲ್ಲವನ್ನೂ ಕಲಸಿ ಹಾಕಿದೆಯಲ್ಲ?" ಒಳ್ಳೆಯ ಪ್ರಶ್ನೆ. ತೆರೆ ಹೊಡೆಯುವ ಪಟ್ಟಿಯಲ್ಲಿ ಪದರ ಉಳಿಯುವುದಿಲ್ಲ, ಒಪ್ಪಿದೆ. ಆದರೆ ಒಂದು ಕಾಸು ಎಲ್ಲೋ ಒಂದು ಕಡೆ ಸಿಕ್ಕಿದರೆ ಅದು ಯಾರದೋ ಸೊಂಟದಿಂದ ಜಾರಿದ್ದು. ಐವತ್ತು ಮೀಟರಿನೊಳಗೆ ಬೇರೆ ಬೇರೆ ವರ್ಷ ಹತ್ತು ಕಾಸು ಸಿಕ್ಕಿದರೆ ಅಲ್ಲಿ ಏನೋ ಇತ್ತು: ದೋಣಿ ಹತ್ತುವ ಜಾಗವೋ, ಸುಂಕದ ಕಟ್ಟೆಯೋ, ಒಡೆದ ಹಡಗೋ. ನಮ್ಮ ಹೊಳೆಗಳ ಅಳಿವೆ ಬಾಗಿಲು ಒಂದೇ ಕಡೆ ನಿಲ್ಲುವುದಿಲ್ಲ, ಸರಿಯುತ್ತಾ ಇರುತ್ತದೆ. ಹಳೆಯ ಅಳಿವೆ ಎಲ್ಲಿತ್ತು ಎಂದು ಹೇಳುವುದಕ್ಕೂ ಇಂಥ ಗುರುತುಗಳು ಬೇಕು. ಆದರೆ ಈ ಹತ್ತು ಕಾಸು ಹತ್ತು ಮನೆಯ ಡಬ್ಬಿಯಲ್ಲಿದ್ದು, ಎಲ್ಲಿ ಸಿಕ್ಕಿತೆಂದು ಯಾರೂ ಬರೆದಿಡದಿದ್ದರೆ, ಆ ಹತ್ತು ಬರೀ ಒಂದು ಒಂದು ಒಂದು ಆಗಿಯೇ ಉಳಿಯುತ್ತವೆ. ಇನ್ನು ತೆರೆ ಮುಟ್ಟದ, ದಿಬ್ಬದ ಹಿಂದಿನ ಮರಳಿನಲ್ಲಿ ಪದರ ಹಾಗೇ ಇರಬಹುದು. ಗುದ್ದಲಿ ಹಾಕಲೇಬಾರದ ಜಾಗ ಅದು.

ಇಲ್ಲಿ ಯಾವ ಕಾಸು ಸಿಗಬಹುದು ಎಂದು ಕೇಳುತ್ತೀರಾದರೆ, ಒಂದನ್ನು ಹೇಳುತ್ತೇನೆ. ಟಿಪ್ಪು ಸುಲ್ತಾನನ ತಾಮ್ರದ ಕಾಸಿನ ಒಂದು ಬದಿಯಲ್ಲಿ ಆನೆ ಇರುತ್ತದೆ, ಇನ್ನೊಂದು ಬದಿಯಲ್ಲಿ ಟಂಕಸಾಲೆಯ ಊರಿನ ಹೆಸರು, ಪಾರ್ಸಿ ಲಿಪಿಯಲ್ಲಿ. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಘಟ್ಟದ ಮೇಲಿನ ಬಿದನೂರು. ನಗರದಲ್ಲಿ ಅಚ್ಚಾದ ಕಾಸು ಕಾಸರಗೋಡಿನ ದಡದಲ್ಲಿ ಸಿಕ್ಕಿತು ಎಂದರೆ ಅದು ಘಟ್ಟ ಇಳಿದು ಬಂದ ದಾರಿ ಒಂದಿದೆ. ಅದೇ ಕಾಸು ಆನ್‌ಲೈನ್ ಅಂಗಡಿಯಲ್ಲಿ ಸಿಕ್ಕಿದರೆ ಅದಕ್ಕೆ ದಾರಿಯೇ ಇಲ್ಲ.

ಸಿಕ್ಕಿದ ಕೂಡಲೇ ನಾವು ಮಾಡುವ ಇನ್ನೊಂದು ಅನಾಹುತ ಹುಣಸೆಹುಳಿ. ದೇವರ ದೀಪ ತಿಕ್ಕಿದ ಹಾಗೆ ತಿಕ್ಕಿ ಫಳಫಳ ಮಾಡಿ ತೋರಿಸುತ್ತಾರೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಮೇಲಿನ ಆಕ್ಸೈಡನ್ನೂ ಹಸಿರು ಕಾರ್ಬನೇಟನ್ನೂ ಕರಗಿಸುತ್ತದೆ. ಹಳೆಯ ಕಾಸಿನಲ್ಲಿ ಅಕ್ಷರದ ಉಬ್ಬು ಉಳಿದಿರುವುದು ಎಷ್ಟೋ ಸಲ ಆ ತೊಗಲಿನಲ್ಲೇ, ಒಳಗಿನ ಲೋಹದಲ್ಲಿ ಅಲ್ಲ. ತೊಗಲು ಹೋದರೆ ಅಕ್ಷರವೂ ಹೋಯಿತು. ಕಡಲಿನಿಂದ ಬಂದ ತಾಮ್ರಕ್ಕೆ ಮತ್ತೊಂದು ಕಾಟ ಇದೆ. ಉಪ್ಪಿನ ಕ್ಲೋರೈಡ್ ಒಳಗೆ ಸೇರಿಕೊಂಡಿರುತ್ತದೆ, ಗಾಳಿ ಮತ್ತು ತೇವ ಸಿಕ್ಕಿದಾಗ ಅದು ಆಮ್ಲ ಹುಟ್ಟಿಸಿ ಲೋಹವನ್ನು ತಿನ್ನುತ್ತಾ ಹೋಗುತ್ತದೆ, ತಿಳಿಹಸಿರು ಹುಡಿ ಉದುರುತ್ತದೆ. ಮ್ಯೂಸಿಯಮಿನವರು ಇದನ್ನು ಕಂಚಿನ ರೋಗ ಎನ್ನುತ್ತಾರೆ. ಹಾಗಾಗಿ ಉಜ್ಜಬೇಡಿ. ಒಣಗಿದ್ದು ಸಿಕ್ಕಿದರೆ ಒಣಗಿದ ಹಾಗೇ ಕಾಗದದ ಲಕೋಟೆಯಲ್ಲಿ, ಒದ್ದೆಯಿದ್ದದ್ದು ಸಿಕ್ಕಿದರೆ ಸಿಹಿನೀರಿನ ಡಬ್ಬದಲ್ಲಿ ಇಟ್ಟು ತಿಳಿದವರಿಗೆ ತೋರಿಸಿ.

ಕಾನೂನಿನ ಮಾತು ಬಾರದೆ ಇರುವುದಿಲ್ಲ. ಭಾರತದ ನಿಧಿ ಕಾಯ್ದೆ 1878ರದ್ದು. ನೆಲದಲ್ಲಿ ಅಡಗಿದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ಏನಾದರೂ ಸಿಕ್ಕಿದರೆ ಏನು ಸಿಕ್ಕಿತು, ಎಲ್ಲಿ, ಯಾವತ್ತು ಎಂದು ಕಲೆಕ್ಟರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದ ತನಕ ಸೆರೆ ಆಗಬಹುದು. ಕೇರಳಕ್ಕೆ 1968ರ ತನ್ನದೇ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ದೇಶದ ಹೊರಗೆ ಮಾರುವಂತಿಲ್ಲ. ಬೇಕಲದಂಥ ಸಂರಕ್ಷಿತ ಕೋಟೆಯ ಜಾಗದಲ್ಲಿ ಅಪ್ಪಣೆಯಿಲ್ಲದೆ ಅಗೆದರೆ ಅದು ಅಪರಾಧವೇ. ಇಷ್ಟು ಗೊತ್ತಿರಲಿ.

ಆದರೆ ಈ ಕಾನೂನು ಯಾರನ್ನು ನೆನೆದು ಬರೆದದ್ದು? ಚಿನ್ನದ ಕೊಡ ಸಿಕ್ಕಿದವನನ್ನು. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಉದ್ಯೋಗ ಖಾತರಿಯ ಹೆಂಗಸರು ರಬ್ಬರ್ ತೋಟದಲ್ಲಿ ಮಳೆನೀರಿನ ಗುಂಡಿ ತೋಡುವಾಗ ಒಂದು ಪಾತ್ರೆ ಸಿಕ್ಕಿತು. ಬಾಂಬೋ ಏನೋ ಎಂದು ಹೆದರಿದರಂತೆ. ಒಳಗಿದ್ದದ್ದು ಮುತ್ತು, ಚಿನ್ನದ ಪದಕ, ಬೆಳ್ಳಿ ನಾಣ್ಯ. ಅವರು ಅದನ್ನು ಪೊಲೀಸರಿಗೆ ಒಪ್ಪಿಸಿದರು. ದಿನಗೂಲಿಯ ಕೆಲಸದವರು, ಒಂದನ್ನೂ ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ನನಗೆ ಅವರ ಮೇಲೆ ತುಂಬ ಗೌರವ. ಅದು ಪತ್ರಿಕೆಯಲ್ಲಿ ಬಂತು, ಯಾಕೆಂದರೆ ಚಿನ್ನ ಇತ್ತು. ಒಂದೇ ಒಂದು ಕಿಲುಬು ಹಿಡಿದ ಕಾಸು ಸಿಕ್ಕಿದ ಏಳನೇ ತರಗತಿಯ ಹುಡುಗಿ ಎಲ್ಲಿಗೆ ಹೋಗಬೇಕು? ಬಸ್ಸು ಹತ್ತಿ ವಿದ್ಯಾನಗರದ ಕಲೆಕ್ಟರ್ ಕಚೇರಿಗಾ? ಯಾರೂ ಹೋಗುವುದಿಲ್ಲ. ಆ ಕಾಸು ತಮ್ಮನ ಆಟಿಕೆಯಾಗುತ್ತದೆ, ಇಲ್ಲ ಗುಜರಿಯವನ ತಕ್ಕಡಿಗೆ ಬೀಳುತ್ತದೆ.

ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. 1996ರಲ್ಲಿ ನಿಧಿ ಕಾಯ್ದೆಯನ್ನು ಹೊಸತು ಮಾಡಿದರು, 1997ರಿಂದ ಜನಸಾಮಾನ್ಯರಿಗೆ ಸಿಕ್ಕಿದ ಸಣ್ಣಪುಟ್ಟ ಹಳೆಯ ವಸ್ತುಗಳನ್ನು ಬರೆದಿಡುವ ಯೋಜನೆ ಶುರು ಮಾಡಿದರು. ನಿಧಿ ಅಲ್ಲದ್ದನ್ನು ಒಪ್ಪಿಸಬೇಕಾಗಿಲ್ಲ. ತೋರಿಸಿದರೆ ಸಾಕು, ಅಳೆದು, ಫೋಟೊ ತೆಗೆದು, ಜಾಗ ಬರೆದುಕೊಂಡು ವಾಪಸು ಕೊಡುತ್ತಾರೆ. ಈಗ ಆ ದಾಖಲೆಯಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ, ಹೆಚ್ಚಿನವು ಡಿಟೆಕ್ಟರ್ ಹವ್ಯಾಸಿಗಳು ತಂದವು. ಅಲ್ಲೂ ರಾತ್ರಿ ಕದ್ದು ಅಗೆಯುವವರು ಇದ್ದಾರೆ, ಎಲ್ಲ ಸುಖವಾಗಿಲ್ಲ. ಅವರ ಹವ್ಯಾಸ ನಮಗೆ ಬೇಡ ಎಂದೇ ನನ್ನ ಅಭಿಪ್ರಾಯ. ಅವರ ಪುಸ್ತಕ ಮಾತ್ರ ಬೇಕು.

ನಮಗೆ ಯಾಕೆ ಹೆಚ್ಚು ಬೇಕು ಎಂದರೆ, ಗಡಿನಾಡು ಎಂದರೆ ಎರಡು ರಾಜ್ಯದವರ ಇತಿಹಾಸ ಪುಸ್ತಕಕ್ಕೂ ಕೊನೆಯ ಪುಟ. ತಿರುವನಂತಪುರದಿಂದ ನೋಡಿದರೂ ನಾವು ದೂರ, ಬೆಂಗಳೂರಿನಿಂದ ನೋಡಿದರೂ ದೂರ. 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಈ ದಡದ ಸಣ್ಣ ಸಂಗತಿಗಳನ್ನು ಬೇರೆಯವರು ಬಂದು ಬರೆಯುತ್ತಾರೆ ಎಂದು ಕಾಯುವುದು ವ್ಯರ್ಥ. ಅತ್ತ ಕಡಲ್ಕೊರೆತಕ್ಕೆ ಕಲ್ಲು ಸುರಿಯುತ್ತಾರೆ, ಇತ್ತ ಹೆದ್ದಾರಿಗೆ ಜೆಸಿಬಿ ಗುಡ್ಡ ಕಡಿಯುತ್ತದೆ. ಎರಡರ ನಡುವೆ ಉಳಿದ ಪಟ್ಟಿ ಕಿರಿದಾಗುತ್ತಾ ಉಂಟು.

ಹಾಗಾದರೆ ಎಂತ ಮಾಡುವುದು? ಪ್ರತಿ ಕನ್ನಡ ಶಾಲೆಯಲ್ಲಿ ಒಂದು ದಪ್ಪ ನೋಟುಪುಸ್ತಕ ಇರಲಿ. ಸಿಕ್ಕಿದ ದಿನ, ಜಾಗ (ಮೊಬೈಲಿನ ಅಕ್ಷಾಂಶ ರೇಖಾಂಶ ಸಾಕು), ಮೇಲೆ ಇತ್ತೋ ಎಷ್ಟು ಆಳದಲ್ಲಿತ್ತೋ, ತೂಕ, ವ್ಯಾಸ, ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೊ, ಜೊತೆಯಲ್ಲಿ ಕವಡೆ, ಮಡಕೆ ಚೂರು ಏನಾದರೂ ಇತ್ತಾ ಎಂದು. ಅಗೆದು ತಂದದ್ದಕ್ಕೆ ಪುಸ್ತಕದಲ್ಲಿ ಜಾಗ ಇಲ್ಲ, ತಾನಾಗಿ ಸಿಕ್ಕಿದ್ದಕ್ಕೆ ಮಾತ್ರ. ಬೆಲೆಬಾಳುವಂಥದ್ದಾದರೆ ಮುಖ್ಯೋಪಾಧ್ಯಾಯರು ಕಾನೂನಿನಂತೆ ಮೇಲಕ್ಕೆ ಬರೆಯಲಿ. ಪುರಾತತ್ವ ಇಲಾಖೆಯವರು ವರ್ಷಕ್ಕೊಮ್ಮೆ ಬಂದು ಈ ಪುಸ್ತಕ ನೋಡಿ ಸಹಿ ಹಾಕಲಿ ಎಂದು ನಮ್ಮ ಸಂಘ ಕೇಳಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ಮನಸ್ಸು ಬೇಕು.

ಕಡಲಿಲ್ಲದ ಊರಿನವರು ಇದು ನಮಗಲ್ಲ ಅಂದುಕೊಳ್ಳಬೇಡಿ. ಆದೋನಿ, ರಾಯದುರ್ಗದ ಕಡೆಯವರಿಗೆ ಮೊದಲ ಮಳೆ ಬಿದ್ದ ಕೂಡಲೇ ಹೊಲಗಳಲ್ಲಿ ವಜ್ರ ಹುಡುಕುವವರ ಗುಂಪು ಗೊತ್ತಿರುತ್ತದೆ. ಅದೇ ಮಳೆ ಹಳೆಯ ಕಾಸನ್ನೂ ಮೇಲೆ ತರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಯವರ ಕಪ್ಪು ಮಣ್ಣಿನ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ ಮಂಕು ಬಣ್ಣದ ಬಿಲ್ಲೆ ಸಾತವಾಹನರ ಸೀಸದ ನಾಣ್ಯವೂ ಆಗಿರಬಹುದು. ಹೊಳೆಯುವುದಿಲ್ಲ ಎಂದು ಎಸೆಯಬೇಡಿ.

ಇನ್ನು ಯಂತ್ರ. ಅದನ್ನು ಶಾಲೆಯಲ್ಲೇ ಕಟ್ಟಿ. ತಾಮ್ರದ ತಂತಿಯ ಸುರುಳಿ, ಒಂದು ಆಂದೋಲಕ, ಕೆಲವು ಕಡೆ ಲಿಟ್ಲ್ ಕೈಟ್ಸ್ ಘಟಕದಲ್ಲಿ ಇರುವ ಆರ್ಡುಯಿನೊ ಕಿಟ್, ಇಷ್ಟರಲ್ಲಿ ಆಗುತ್ತದೆ. ನಾಲ್ಕು ಪ್ಲಾಸ್ಟಿಕ್ ಬಕೆಟ್ ತನ್ನಿ (ಹಿಡಿಕೆ ತಂತಿಯದ್ದಾದರೆ ಕಳಚಿ, ಗಾರ್‌ಫೀಲ್ಡರ ಹಾಸಿಗೆ ನೆನಪಿರಲಿ). ಒಂದರಲ್ಲಿ ಒಣ ಮರಳು, ಒಂದರಲ್ಲಿ ಬಾವಿ ನೀರು ಹಾಕಿದ ಮರಳು, ಒಂದರಲ್ಲಿ ಸಮುದ್ರದ ನೀರು ಹಾಕಿದ್ದು, ಇನ್ನೊಂದರಲ್ಲಿ ಮುರಕಲ್ಲಿನ ಹುಡಿ. ಕಡಲು ದೂರದವರು ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿಕೊಳ್ಳಿ. ಸ್ಟೀಲಿನ ಒಂದು ರೂಪಾಯಿ, ಹತ್ತು ರೂಪಾಯಿಯ ಎರಡು ಲೋಹದ ನಾಣ್ಯ, ಅಜ್ಜಿಯ ಡಬ್ಬಿಯಲ್ಲಿರುವ ಅಲ್ಯುಮಿನಿಯಂ ಐದು ಪೈಸೆ, ಬಲೆಯ ಸೀಸದ ಗುಂಡು, ಸೋಡಾ ಮುಚ್ಚಳ, ಒಂದು ಕವಡೆ. ಒಂದೊಂದನ್ನೂ ಎಷ್ಟು ಸೆಂಟಿಮೀಟರ್ ಆಳದ ತನಕ ಯಂತ್ರ ಹಿಡಿಯಿತು ಎಂದು ಬರೆದು, ಶಾಲೆಯ ಹೆಸರಿನೊಂದಿಗೆ ಈ ಪತ್ರಿಕೆಗೆ ಕಳುಹಿಸಿ. ಕವಡೆಯ ಸಾಲಿನಲ್ಲಿ ಸೊನ್ನೆ ಬಂದರೂ ಆ ಸಾಲನ್ನು ಬಿಡಬೇಡಿ.